ಗಾಲಿಯ ಮೇಲೊಂದು ಮನೆ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ನಾನು ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಪ್ರಬಂಧದ ವಿಷಯವಾಗಿ ಕೊಟ್ಟಿದ್ದೇನೆ. ಹುಡುಗರು ಬರೆದದ್ದಕ್ಕೆ ಅಂಕಗಳನ್ನೂ ಹಾಕಿದ್ದೇನೆ. ಆದರೆ ಆ ಗಾದೆ ಯಾರನ್ನು ಕುರಿತು ಹೇಳಿದ ಮಾತು ಎಂಬ ಪ್ರಶ್ನೆ, ನಿವೃತ್ತನಾಗುವವರೆಗೂ ನನ್ನ ತಲೆಯಲ್ಲಿ ಸುಳಿಯಲಿಲ್ಲ. ಕೋಶವನ್ನೇನೋ ಮನೆಯೊಳಗೆ ಕುಳಿತೇ ಓದಬಹುದು. ದೇಶ ಸುತ್ತಬೇಕಾದರೆ ಹೊಸ್ತಿಲು ದಾಟಬೇಕು. ದಾಟಿ ಹೋದವನ ಹಿಂದೆ ಬಾಗಿಲು ಹಾಕಿಕೊಳ್ಳುವವರೊಬ್ಬರು ಇರಬೇಕು. ನಮ್ಮ ಮನೆಯಲ್ಲಿ ದಾಟುವವನು ನಾನು, ಬಾಗಿಲು ಹಾಕಿಕೊಳ್ಳುವವಳು ನನ್ನ ಹೆಂಡತಿ. ಹೆಂಡತಿಯನ್ನು ‘ಮನೆಯವರು’ ಎಂದು ಗೌರವದಿಂದ ಕರೆಯುವುದು ನಮ್ಮ ಕಡೆಯ ವಾಡಿಕೆ. ಆ ಗೌರವಕ್ಕೆ ಒಂದು ಸಣ್ಣ ಚಿಲಕವೂ ಇದೆಯೆಂಬುದು ನನಗೆ ತಿಳಿದುಬಂದದ್ದು ಕೊಳ್ಳೇಗಾಲ, ಯಳಂದೂರು, ಹನೂರುಗಳ ದಾರಿಯಲ್ಲಿ, ೨೦೨೩ರ ಫೆಬ್ರವರಿಯಲ್ಲಿ, ನಾವಿಬ್ಬರೇ ಕೈಗೊಂಡ ಒಂದು ವಾರದ ಪ್ರವಾಸದಲ್ಲಿ.

ಹಳೆಯ ಬಾಕಿ

೧೯೯೨ರಲ್ಲಿ ನನಗೆ ಕೊಳ್ಳೇಗಾಲಕ್ಕೆ ವರ್ಗವಾಯಿತು. ಮಕ್ಕಳ ಓದು, ತಾಯಿಯವರ ಕಾಯಿಲೆ ಇವುಗಳ ಕಾರಣದಿಂದ ಸಂಸಾರ ಮೈಸೂರಿನಲ್ಲಿಯೇ ಉಳಿಯಿತು. ಶನಿವಾರ ರಾತ್ರಿ ಬಸ್ಸಿಳಿದು ನಾನು ಮನೆ ಸೇರುವ ಹೊತ್ತಿಗೆ ಒಮ್ಮೊಮ್ಮೆ ಹತ್ತು, ಒಮ್ಮೊಮ್ಮೆ ಹನ್ನೊಂದು ಗಂಟೆ. ಆಕೆ ಬಾಗಿಲಲ್ಲಿ ನಿಂತಿರುತ್ತಿದ್ದಳು. “ಬಹಳ ಹೊತ್ತು ಕಾದೆಯಾ?” ಎಂದು ಕೇಳಿದರೆ, “ಇಲ್ಲ, ಈಗ ತಾನೆ ಬಂದೆ” ಎನ್ನುವಳು. ನಾನು ಅದನ್ನು ನಂಬುತ್ತಿದ್ದೆ. ನಂಬುವುದು ಸುಲಭವಾಗಿತ್ತು.

ಆ ದಿನಗಳಲ್ಲಿ ಆಕೆ ಕೇಳಿದ್ದು ಒಂದೇ. “ಹೇಗೂ ಅಲ್ಲೇ ಇದ್ದೀರಿ. ಒಂದು ಸಲ ಮಾದಪ್ಪನ ಬೆಟ್ಟ ತೋರಿಸಿ. ಹಾಗೆಯೇ ಬಿಳಿಗಿರಿ ರಂಗನನ್ನೂ.” ಕಾಲ ಸರಿಯಿಲ್ಲ, ಸ್ವಲ್ಪ ತಡೆ ಎಂದೆ. ಕಾಲ ಸರಿಯಿರಲಿಲ್ಲವೆಂಬುದು ನಿಜವೇ. ಆ ವರ್ಷದ ಆಗಸ್ಟಿನಲ್ಲಿ ಮೀಣ್ಯದ ಬಳಿ ಜಿಲ್ಲೆಯ ಪೊಲೀಸ್ ಅಧಿಕಾರಿಗಳು ವೀರಪ್ಪನ್ ತಂಡದ ಹೊಂಚಿಗೆ ಬಲಿಯಾದರು. ಮರುವರ್ಷದ ಏಪ್ರಿಲ್ ೯ರಂದು ಪಾಲಾರಿನಲ್ಲಿ ನೆಲಬಾಂಬು ಸಿಡಿದು ೨೨ ಜನ ಸತ್ತರು. ಹನೂರಿನಾಚೆಯ ಕಾಡು ಎಂದರೆ ಜನ ದನಿ ತಗ್ಗಿಸಿ ಮಾತಾಡುತ್ತಿದ್ದ ಕಾಲ ಅದು. ಕೊಳ್ಳೇಗಾಲಕ್ಕೂ ಹನೂರಿಗೂ ನಡುವಣ ಕಾಮಗೆರೆಯಿಂದ ಮಾಜಿ ಸಚಿವ ನಾಗಪ್ಪನವರನ್ನು ಅಪಹರಿಸಿದ್ದು ೨೦೦೨ರಲ್ಲಿ. ಆ ವರ್ಷದ ಡಿಸೆಂಬರಿನಲ್ಲಿ ಅವರ ಶವ ಸಿಕ್ಕಿತು. ೨೦೦೪ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ. ಕಾಡಿನ ಭಯ ಮುಗಿಯಿತು. ಆದರೆ ನನ್ನ ನೆಪಗಳು ಮುಗಿಯಲಿಲ್ಲ. ಮಗಳ ಪರೀಕ್ಷೆ, ಮನೆಯ ಸಾಲ, ಉತ್ತರಪತ್ರಿಕೆಗಳ ಮೌಲ್ಯಮಾಪನ, ಮಳೆ, ಬಿಸಿಲು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಕಾಲ ಸರಿಯಿಲ್ಲವೆಂದು ಆಕೆಗೆ ಹೇಳಿದ ನಾನೇ ಸಹೋದ್ಯೋಗಿಗಳ ಜೊತೆಯಲ್ಲಿ ಎರಡು ಬಾರಿ ಮಾದಪ್ಪನ ಬೆಟ್ಟಕ್ಕೆ ಹೋಗಿಬಂದಿದ್ದೆ. ಹೇಳಿರಲಿಲ್ಲ. ಆದರೆ ಜೇಬಿನಲ್ಲಿ ಉಳಿದ ವಿಭೂತಿಯ ಪೊಟ್ಟಣ ಬಟ್ಟೆ ಒಗೆಯುವವರ ಕಣ್ಣಿಗೆ ಬೀಳದೆ ಇರುತ್ತದೆಯೆ?

ಬಂಡಿಯೂ ಬಿಡಾರವೂ

ನಮ್ಮ ಅಣ್ಣನ ಮಗ ಹಳೆಯ ವ್ಯಾನೊಂದನ್ನು ಕೊಂಡು, ಹಿಂದಿನ ಆಸನಗಳನ್ನು ಕಿತ್ತು, ಇಬ್ಬರು ಮಲಗುವಷ್ಟು ಹಲಗೆಯ ಮಂಚ, ಅದರಡಿಯಲ್ಲಿ ಸಾಮಾನಿನ ಪೆಟ್ಟಿಗೆ, ಒಂದು ಮಗ್ಗುಲಿಗೆ ಗ್ಯಾಸಿನ ಒಲೆ, ನೀರಿನ ಡ್ರಮ್ಮು, ಹಿಂಬದಿಯಲ್ಲಿ ಎರಡು ಸೈಕಲ್ಲುಗಳನ್ನು ತಗುಲಿಸುವ ಕಬ್ಬಿಣದ ಕೊಕ್ಕೆ ಇವನ್ನೆಲ್ಲ ಮಾಡಿಸಿದ್ದ. “ದೊಡ್ಡಮ್ಮನನ್ನು ಕರೆದುಕೊಂಡು ಹೋಗಿಬನ್ನಿ, ಚಿಕ್ಕಪ್ಪ ಎಂದು ಕೇಳುವವರಿಲ್ಲದೆ ನೀವು ಹೊರಡುವುದಿಲ್ಲ” ಎಂದು ಬೀಗದ ಕೈ ಕೊಟ್ಟುಬಿಟ್ಟ. ನನ್ನ ಹೆಂಡತಿಯನ್ನು ಅವನು ಚಿಕ್ಕಂದಿನಿಂದಲೂ ದೊಡ್ಡಮ್ಮನೆಂದೇ ಕರೆಯುತ್ತಾನೆ. ಮನೆ ಕಟ್ಟಿ ನೋಡು ಎಂದ ಹಿರಿಯರು, ಕಟ್ಟಿದ ಮನೆಯನ್ನು ಗಾಲಿಯ ಮೇಲೆ ಓಡಿಸಿ ನೋಡು ಎಂದು ಹೇಳಿರಲಿಲ್ಲ.

ಮನೆಯನ್ನೇ ಹೇರಿಕೊಂಡು ತಿರುಗುವ ಈ ಪದ್ಧತಿ ಅಮೆರಿಕ, ಯೂರೋಪುಗಳಲ್ಲಿ ಬಹುಕಾಲದಿಂದ ಇದೆ. ಅಲ್ಲಿ ನಿವೃತ್ತ ದಂಪತಿಗಳು ತಿಂಗಳುಗಟ್ಟಲೆ ಹೀಗೆ ಅಲೆಯುವುದುಂಟು. ಬೇಕೆಂದ ಕಡೆ ವಾಹನ ನಿಲ್ಲಿಸಿ, ಬೆಟ್ಟ ಹತ್ತಿ, ಸೈಕಲ್ಲು ತುಳಿದು, ಮತ್ತೆ ಮುಂದಕ್ಕೆ ಸಾಗುತ್ತಾರೆ. ಆದರೆ ಇದನ್ನು ನಾವು ಅವರಿಂದ ಕಲಿಯಬೇಕಾಗಿರಲಿಲ್ಲ. ಬಸ್ಸಿನ ಸೌಕರ್ಯ ಬರುವುದಕ್ಕೆ ಮೊದಲು ನಮ್ಮ ಸೀಮೆಯ ಒಕ್ಕಲು ಮಕ್ಕಳು ಜಾತ್ರೆಗೆ ಹೊರಟರೆ ಕಮಾನು ಕಟ್ಟಿದ ಗಾಡಿಯೇ ಮನೆ. ಒಳಗೆ ಹುಲ್ಲು ಹಾಸಿ ಮೇಲೊಂದು ಜಮಖಾನೆ, ಮೂಲೆಯಲ್ಲಿ ಅಕ್ಕಿ ರಾಗಿಯ ಚೀಲ, ಅಚ್ಚಿನ ಕೆಳಗೆ ತೂಗುವ ಲಾಂದ್ರ. ಹೊತ್ತು ಮುಳುಗಿದ ಕಡೆ ನೊಗ ಇಳಿಸಿ ಮೂರು ಕಲ್ಲು ಹೂಡಿದರೆ ಅದೇ ಅಡಿಗೆಮನೆ. ಇಂದಿಗೂ ಶಿವರಾತ್ರಿ, ಯುಗಾದಿ, ದೀಪಾವಳಿಗಳು ಹತ್ತಿರವಾದಾಗ ಹನೂರಿನ ದಾರಿಯಲ್ಲಿ ನಿಂತು ನೋಡಬೇಕು. ಗ್ಯಾಸ್ ಸಿಲಿಂಡರು, ಕೊಳದಪ್ಪಲೆ, ಸೌದೆ, ಹಾಸಿಗೆ, ಅಜ್ಜಿ, ಮೊಮ್ಮಗು ಎಲ್ಲವನ್ನೂ ಹೇರಿಕೊಂಡ ಟೆಂಪೋಗಳು ಸಾಲುಗಟ್ಟಿ ಸಾಗುತ್ತವೆ. ಎತ್ತು ಹೋಗಿ ಯಂತ್ರ ಬಂದಿದೆ, ಬಂಡಿ ಅದೇ.

ರೇಷ್ಮೆಯ ಊರು

ತಿರುಮಕೂಡಲು ನರಸೀಪುರದ ದಾರಿಯಾಗಿ ಬಂದು, ಮೊದಲ ರಾತ್ರಿ ಕೊಳ್ಳೇಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯ ಅಂಗಳದಲ್ಲಿ ತಂಗಿದೆವು. ಸಂಜೆ ಮರಡಿಗುಡ್ಡವನ್ನು ಹತ್ತಿ ಊರನ್ನು ನೋಡಿದೆವು. ಗೂಡು ಬಿಚ್ಚಿ ನೂಲು ತೆಗೆಯುವವರಿಂದ ಹಿಡಿದು ಸೀರೆಗೆ ಜರಿಯಂಚು ನೆಯ್ಯುವವರವರೆಗೆ ರೇಷ್ಮೆಯನ್ನೇ ನಂಬಿ ಬದುಕಿದ ಊರು ಇದು. ಪಟ್ಟಣದ ಇನ್ನೊಂದು ವಿಶೇಷವನ್ನು ಇಂದಿನ ವಿದ್ಯಾರ್ಥಿಗಳು ಬಹುಮಟ್ಟಿಗೆ ಮರೆತಿದ್ದಾರೆ. ೧೯೫೬ರ ನವೆಂಬರ್ ೧ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರಾದರೋ ಮೈಸೂರು ಸಂಸ್ಥಾನದ್ದು. ಅರ್ಧ ದಿನದ ಗಾಡಿಯ ದಾರಿಯಲ್ಲಿ ಬ್ರಿಟಿಷರ ಸೀಮೆ ಕಳೆದು ಮಹಾರಾಜರ ಸೀಮೆ ಬರುತ್ತಿತ್ತು. ಆಡುವ ಮಾತು ಒಂದೇ, ಹಾಡುವ ಮಾದಪ್ಪನ ಪದ ಒಂದೇ, ಕಟ್ಟುವ ಕಂದಾಯ ಮಾತ್ರ ಬೇರೆ ಬೇರೆ. ಈಗ ಇವೆಲ್ಲವೂ ೧೯೯೭ರಲ್ಲಿ ಹುಟ್ಟಿದ ಚಾಮರಾಜನಗರ ಜಿಲ್ಲೆಯ ಭಾಗಗಳು. ಇತ್ತೀಚಿನವರೆಗೂ ಕೊಳ್ಳೇಗಾಲಕ್ಕೆ ಸೇರಿದ್ದ ಹನೂರು ಇಂದು ತಾನೇ ಒಂದು ತಾಲ್ಲೂಕು.

ಮರುದಿನ ಬೆಳಗಿನ ಜಾವ ಸೈಕಲ್ಲುಗಳನ್ನು ಇಳಿಸಿದೆವು. ನನ್ನ ಹೆಂಡತಿ ಹೈಸ್ಕೂಲಿನ ಹುಡುಗಿಯಾಗಿದ್ದಾಗ ನಂಜನಗೂಡಿನ ಬೀದಿಗಳಲ್ಲಿ ಸೈಕಲ್ಲು ಬಿಟ್ಟವಳು. ಮದುವೆಯಾದ ಮೇಲೆ ಆ ಮಾತೆತ್ತುವ ಪ್ರಸಂಗವೇ ಬರಲಿಲ್ಲ. ಮೈಸೂರಿನಲ್ಲಿ ಒಂದು ತಿಂಗಳು, ಯಾರೂ ಏಳದ ಹೊತ್ತಿನಲ್ಲಿ, ಮೈದಾನದಲ್ಲಿ ಅಭ್ಯಾಸ ಮಾಡಿದ್ದಳು. ಮೊದಲ ಅರ್ಧ ಮೈಲಿ ನಾನು ಹಿಂದೆ ನಿಂತು “ಹುಷಾರು, ಹುಷಾರು” ಎಂದು ಕೂಗುತ್ತಲೇ ಇದ್ದೆ. ಆಕೆ ತಿರುಗಿ ನೋಡದೆ, “ನೀವು ಹಾಗೆ ಕೂಗಿದರೇ ನನಗೆ ಭಯ” ಎಂದಳು. ಆಮೇಲೆ ಸುಮ್ಮನಾದೆ.

ಭರಚುಕ್ಕಿಗೆ ಸುಮಾರು ೧೫ ಕಿಲೋಮೀಟರು. ದಾರಿಯ ಎರಡು ಕಡೆಗೂ ಗದ್ದೆ, ಹಿಪ್ಪುನೇರಳೆಯ ತೋಟ, ತೆಂಗು. ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಒಡೆದು, ಆ ಬದಿಗೆ ಗಗನಚುಕ್ಕಿಯಾಗಿ, ಈ ಬದಿಗೆ ಭರಚುಕ್ಕಿಯಾಗಿ ಧುಮುಕುವುದನ್ನು ಮಳೆಗಾಲದಲ್ಲಿ ನೋಡಬೇಕು. ನಾವು ಹೋದದ್ದು ಫೆಬ್ರವರಿ. ಬಂಡೆಗಳ ನಡುವೆ ನಾಲ್ಕಾರು ಬಿಳಿ ಎಳೆಗಳಷ್ಟೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ ಕಲ್ಲುಗಂಬದ ಸೇತುವೆ, ೨೦೧೮ರ ಪ್ರವಾಹದಲ್ಲಿ ಏಟು ತಿಂದು, ನದಿಗೆ ಅಡ್ಡಲಾಗಿ ಹಲ್ಲುದುರಿದ ಬಾಚಣಿಗೆಯಂತೆ ನಿಂತಿದೆ. ೧೯೦೨ರಲ್ಲಿ ಇದೇ ಜಲಪಾತದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತೆಂದು ನಾನು ಆರಂಭಿಸಿದೆ. “ಪಾಠ ಆಮೇಲೆ. ಸ್ವಲ್ಪ ನೀರಿನ ಶಬ್ದ ಕೇಳೋಣ” ಎಂದಳು. ಕೇಳಿದೆವು.

ಹೊನ್ನಮ್ಮನ ಊರು

ಯಳಂದೂರು ಚಿಕ್ಕದಾದರೂ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ದೊಡ್ಡ ಊರು. ‘ರಾಜಶೇಖರ ವಿಳಾಸ’ವನ್ನು ಬರೆದ ಷಡಕ್ಷರದೇವನ ಹೆಸರು ಇದಕ್ಕೆ ಅಂಟಿಕೊಂಡಿದೆ. ‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿಯ ಹೊನ್ನಮ್ಮ ಈ ಊರಿನ ಹೆಣ್ಣು. ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತದ್ದೂ ಇದೇ ಯಳಂದೂರು. ಹದಿನಾಡಿನ ಪಾಳೆಯಗಾರರ ಕಾಲದ ಗೌರೀಶ್ವರ ದೇವಾಲಯದ ಮುಂದೆ ಬಳೆಮಂಟಪವಿದೆ. ಅದರ ಮೂಲೆಗಳಲ್ಲಿ ಕಲ್ಲಿನಲ್ಲಿಯೇ ಕಡೆದ ಬಳೆಗಳು ಒಂದರೊಳಗೊಂದು ಕೊಂಡಿಯಾಗಿ ತೂಗುತ್ತವೆ. ನನ್ನ ಹೆಂಡತಿ ಅವುಗಳ ಕೆಳಗೆ ಬಹಳ ಹೊತ್ತು ಕತ್ತೆತ್ತಿ ನಿಂತಿದ್ದಳು. “ಬಳೆಯೂ ಹೌದು, ಸರಪಳಿಯೂ ಹೌದು” ಎಂದಳು. ನಾನು ಅದನ್ನು ಶಿಲ್ಪದ ವಿಮರ್ಶೆಯೆಂದು ತಿಳಿದು ತಲೆದೂಗಿದೆ.

ಅಂದು ರಾತ್ರಿ ಪರಿಚಿತರೊಬ್ಬರ ತೆಂಗಿನ ತೋಟದಲ್ಲಿ ನಮ್ಮ ಬಿಡಾರ. ಊರಿಗೆ ತಕ್ಕ ಪುಸ್ತಕವೆಂದು ‘ಹದಿಬದೆಯ ಧರ್ಮ’ವನ್ನು ಜೊತೆಯಲ್ಲಿ ತಂದಿದ್ದೆ. ಮಡಿಸುವ ಕುರ್ಚಿಯಲ್ಲಿ ಕುಳಿತು, ಚಿಕದೇವರಾಜ ಒಡೆಯರ ಆಸ್ಥಾನದಲ್ಲಿ ರಾಣಿಯ ಎಲೆಯಡಿಕೆಯ ಸಂಚಿ ಹಿಡಿದಿದ್ದ ಈ ಹೆಣ್ಣುಮಗಳು ಸಾಂಗತ್ಯದಲ್ಲಿ ಇಂಥ ಕಾವ್ಯವನ್ನು ರಚಿಸಿದಳಲ್ಲ ಎಂದು ಗಟ್ಟಿಯಾಗಿ ಬೆರಗುಪಡುತ್ತಿದ್ದೆ. ಪತಿವ್ರತೆಯ ಕರ್ತವ್ಯಗಳನ್ನು ಹೇಳುವ ಭಾಗವನ್ನು ವಿವರಿಸಿದೆ. ವ್ಯಾನಿನೊಳಗೆ ಬಗ್ಗಿ ನಿಂತು ಹುಳಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟನ್ನು ಕೆಳಗಿಟ್ಟು ಹೊರಗೆ ಬಂದಳು.

“ನಾನೊಂದು ಮಾತು ಕೇಳಲೆ?” ಎಂದಳು. “ಮನೆ ಬಿಟ್ಟು ಬಂದೆವೆಂದು ನಾನು ತಿಳಿದಿದ್ದೆ. ನೀವು ಹೇರಿಕೊಂಡು ಬಂದಿರುವುದು ನೋಡಿದರೆ ಬರೀ ಅಡಿಗೆಮನೆ. ಅಲ್ಲಿ ನೆಟ್ಟಗೆ ನಿಲ್ಲಲಿಕ್ಕಾದರೂ ಜಾಗವಿತ್ತು.”

ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಮೂರು ದಿನದಲ್ಲಿ ಪಾತ್ರೆ ತೊಳೆದವರು ಯಾರು, ನೀರು ತುಂಬಿದವರು ಯಾರು, ಬೆಳಗಿನ ಕಾಫಿಗೆ ಮೊದಲು ಎದ್ದವರು ಯಾರು ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆ. ನಾನು ಮಾಡಿದ್ದು ವಾಹನ ನಡೆಸಿದ್ದು, ಇತಿಹಾಸ ಹೇಳಿದ್ದು. ಗಾಲಿ ಉರುಳಿತ್ತು, ಮನೆ ಇದ್ದಲ್ಲಿಯೇ ಇತ್ತು.

ಹೊನ್ನಮ್ಮನಿಗೆ ಅನ್ಯಾಯ ಮಾಡಬಾರದು. ಆಕೆಯ ಕಾಲ ಬೇರೆ, ಆಕೆ ಬರೆದದ್ದು ಅರಮನೆಯ ನೆರಳಿನಲ್ಲಿ. ಆದರೂ ಅದೇ ಕೃತಿಯಲ್ಲಿ, ಹೆಣ್ಣು ಹುಟ್ಟಿತೆಂದು ಹಳಿಯುವವರನ್ನು, ನಿಮ್ಮನ್ನು ಹೆತ್ತು ಪೊರೆದವಳು ಹೆಣ್ಣಲ್ಲವೆ ಎಂಬ ಅರ್ಥದಲ್ಲಿ ಆಕೆ ತಡೆದು ನಿಲ್ಲಿಸಿ ಕೇಳುತ್ತಾಳೆ. ಎಷ್ಟೋ ವರ್ಷ ಪಾಠ ಮಾಡಿದ ನಾನು ಆ ಪ್ರಶ್ನೆಯನ್ನು ‘ಮುಖ್ಯ, ಪರೀಕ್ಷೆಗೆ ಬರಬಹುದು’ ಎಂದು ಗುರುತು ಹಾಕಿಸಿದ್ದೆ. ಪರೀಕ್ಷೆ ನನಗೇ ಬರುತ್ತದೆಂದು ತಿಳಿದಿರಲಿಲ್ಲ.

ಮಾರನೆಯ ಬೆಳಿಗ್ಗೆ ಉಪ್ಪಿಟ್ಟು ನಾನು ಮಾಡಿದೆ. ರವೆ ಹುರಿಯುವುದನ್ನು ಮರೆತೆ. ಅದು ಅಂಟಿನ ಮುದ್ದೆಯಾಯಿತು. ಆಕೆ ಪೂರ್ತಿ ತಿಂದು, “ಉಪ್ಪು ಸರಿಯಾಗಿದೆ” ಎಂದಳು.

ಭಾವನ ಬೆಟ್ಟ

ಯಳಂದೂರಿನಿಂದ ಗುಂಬಳ್ಳಿಯ ಕಡೆಗೆ, ಕೃಷ್ಣಯ್ಯನ ಕಟ್ಟೆಯ ನೀರು ಕಾಣುವವರೆಗೆ ಸೈಕಲ್ಲಿನಲ್ಲಿ ಹೋಗಿ ಹಿಂದಿರುಗಿದೆವು. ಅದರಾಚೆಯದು ಹುಲಿ ಆನೆಗಳ ಕಾಡು. ವಾಹನದಿಂದ ಇಳಿಯುವುದಾಗಲಿ, ಕತ್ತಲಾದ ಮೇಲೆ ದಾರಿಯಲ್ಲಿರುವುದಾಗಲಿ ಸಲ್ಲದು. ವ್ಯಾನಿನಲ್ಲಿಯೇ ಬೆಟ್ಟ ಹತ್ತಿದೆವು. ಬಿಳಿಗಿರಿ ರಂಗನ ಬೆಟ್ಟ ೨೦೧೧ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಕಾಡಿನ ಮೇಲಿನ ಸಾಮುದಾಯಿಕ ಹಕ್ಕುಗಳು ದೊರೆತವು. ಹುಲಿಯೂ ಇರಲಿ, ಹುಲಿಯೊಡನೆ ತಲೆಮಾರುಗಳಿಂದ ಬಾಳಿದವರೂ ಇರಲಿ ಎಂಬ ಈ ಏರ್ಪಾಡು ನಮ್ಮ ದೇಶದ ಅರಣ್ಯಗಳ ಚರಿತ್ರೆಯಲ್ಲಿ ನೆನಪಿಡತಕ್ಕದ್ದು. ಡಾಕ್ಟರ್ ಸುದರ್ಶನ್ ಅವರು ೧೯೮೧ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆಯೂ ಶಾಲೆಯೂ ಇರುವುದು ಇಲ್ಲಿಯೇ.

ಬೆಟ್ಟದ ರಂಗನಾಥನನ್ನು ಸೋಲಿಗರು ‘ಭಾವ’ ಎನ್ನುತ್ತಾರೆ. ಕಾಡಿನಲ್ಲಿ ಅಲೆಯುತ್ತ ಬಂದ ದೇವರು ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನಂತೆ, ಆದ್ದರಿಂದ ಭಾವ. ಈ ದೇವರಿಗೆ ತಿರುಗಾಟ ಪ್ರಿಯ. ಎರಡು ವರ್ಷಗಳಿಗೊಮ್ಮೆ ಆತನಿಗೆ ದೊಡ್ಡದೊಂದು ಜೊತೆ ಚರ್ಮದ ಪಾದರಕ್ಷೆಗಳನ್ನು ಮಾಡಿ ಒಪ್ಪಿಸುವ ಪದ್ಧತಿ ಹಿಂದಿನಿಂದ ಬಂದಿದೆ. ರಾತ್ರಿ ಅವುಗಳನ್ನು ಮೆಟ್ಟಿ ಕಾಡೆಲ್ಲ ಸುತ್ತಿಬರುತ್ತಾನೆ, ಹಳೆಯ ಜೋಡು ಸವೆದಿರುವುದೇ ಸಾಕ್ಷಿ ಎನ್ನುತ್ತಾರೆ ಭಕ್ತರು. ಆ ಜೋಡುಗಳಿಂದ ತಲೆಗೆ ಮೊಟಕಿಸಿಕೊಂಡು ಆಶೀರ್ವಾದ ಪಡೆಯುವಾಗ ನನ್ನ ಹೆಂಡತಿ ಮೆಲ್ಲಗೆ ಕೇಳಿದಳು: “ಇವನಿಗೇನೋ ಜೋಡು ಆಯಿತು. ಕುಸುಮಾಲೆಗೆ?”

ನಾನು ಉತ್ತರಿಸಲಿಲ್ಲ. ಅಂದು ಮಧ್ಯಾಹ್ನ ಕೊಳ್ಳೇಗಾಲಕ್ಕೆ ಇಳಿದ ಮೇಲೆ ಮೊದಲು ಮಾಡಿದ ಕೆಲಸ, ಆಕೆಗೆ ನಡೆಯಲು ಅನುಕೂಲವಾದ ಒಂದು ಜೊತೆ ಬೂಟು ಕೊಂಡದ್ದು. ನನ್ನದನ್ನು ಮೈಸೂರಿನಲ್ಲಿಯೇ, ಹೊರಡುವ ಮುಂಚೆ ಕೊಂಡಿದ್ದೆ.

ತಾಳಬೆಟ್ಟದಿಂದ ಮೇಲಕ್ಕೆ

ಹನೂರಿನಲ್ಲಿ ಒಂದು ದಿನ ನಿಂತು ಲೊಕ್ಕನಹಳ್ಳಿಯ ಮೂಲಕ ಒಡೆಯರಪಾಳ್ಯಕ್ಕೆ ಹೋಗಿಬಂದೆವು. ೧೯೭೦ರ ದಶಕದಲ್ಲಿ ಟಿಬೆಟ್ಟಿನಿಂದ ಬಂದ ನಿರಾಶ್ರಿತರು ನೆಲೆನಿಂತ ಜಾಗವದು. ಮುಸುಕಿನ ಜೋಳದ ಹೊಲಗಳ ನ��ುವೆ ಬೌದ್ಧ ಮಂದಿರ, ಗಾಳಿಗೆ ಪಟಪಟಿಸುವ ಬಣ್ಣದ ಪತಾಕೆಗಳು. ಮನೆಯನ್ನು ಗಾಲಿಯ ಮೇಲೆ ತಂದ ನಮಗೆ, ಮನೆಯನ್ನು ಹಿಮಾಲಯದಾಚೆ ಬಿಟ್ಟು ಬಂದವರ ಅಂಗಡಿಯಲ್ಲಿ ಚಹ ಕುಡಿಯುವಾಗ ಹೆಚ್ಚು ಮಾತು ಹೊರಡಲಿಲ್ಲ.

ಅಲ್ಲಿಂದ ಹಿಂದಿರುಗಿ, ಕೌದಳ್ಳಿಯನ್ನು ಹಾದು, ಮುಚ್ಚಂಜೆಗೆ ತಾಳಬೆಟ್ಟವನ್ನು ಸೇರಿದೆವು. ಮಲೆ ಮಹದೇಶ್ವರನ ಎಪ್ಪತ್ತೇಳು ಮಲೆಗಳಿಗೆ ಇದು ಹೊಸ್ತಿಲು. ಗುಡಿಗೆ ಇಲ್ಲಿಂದ ೨೦ ಕಿಲೋಮೀಟರಿಗೆ ಹತ್ತಿರ. ಹರಕೆ ಹೊತ್ತವರು ಇಲ್ಲಿಂದ ನಡೆದು ಹತ್ತುತ್ತಾರೆ. ಕನಕಪುರ, ರಾಮನಗರದ ಕಡೆಯವರು ಸಂಗಮದ ಬಳಿ ಕಾವೇರಿಯನ್ನೇ ದಾಟಿ, ಕಾಡುದಾರಿ ಹಿಡಿದು, ದಿನಗಟ್ಟಲೆ ನಡೆದು ಬರುವುದೂ ಉಂಟು. ನಮ್ಮ ಪಕ್ಕದಲ್ಲಿಯೇ ಒಂದು ಟೆಂಪೋ ನಿಂತಿತ್ತು. ಅದರ ಗಂಡಸರು ಒಲೆ ಹೂಡಿ ಅನ್ನಕ್ಕೆ ಎಸರಿಟ್ಟಿದ್ದರು. ಹೆಂಗಸರು ಕಾಲು ಚಾಚಿ ಕುಳಿತಿದ್ದರು. ಅವರಲ್ಲೊಬ್ಬ ಮುದುಕಿ ನಮ್ಮ ವ್ಯಾನಿನೊಳಗೆ ಇಣಿಕಿ, “ಇದೇನವ್ವ, ಮನೇನೇ ಹೊತ್ಕೊಂಡು ಬಂದಿದ್ದೀಯಲ್ಲ!” ಎಂದಳು. “ನಾನಲ್ಲವ್ವ, ಇವರು” ಎಂದು ನನ್ನ ಹೆಂಡತಿ ನನ್ನತ್ತ ಕೈ ತೋರಿಸಿದಳು. ಹೆಂಗಸರೆಲ್ಲ ನಕ್ಕರು. ಅನ್ನ ಬಸಿಯಲು ನನಗೂ ಕರೆ ಬಂತು. ಬಸಿದೆ.

ಊಟವಾದ ಮೇಲೆ ಕಂಸಾಳೆಯವರೊಬ್ಬರು ಸಂಕಮ್ಮನ ಸಾಲನ್ನು ಎತ್ತಿದರು. ಸೋಲಿಗರ ನೀಲೇಗೌಡ ಮಲೆಗೆ ಹೊರಡುವಾಗ, ತಾನಿಲ್ಲದ ಹೊತ್ತಿನಲ್ಲಿ ತಪ್ಪಿ ನಡೆಯುವುದಿಲ್ಲವೆಂದು ಬಲಗೈ ಭಾಷೆ ಕೊಡು ಎಂದು ಹೆಂಡತಿಯನ್ನು ಕೇಳುತ್ತಾನೆ. ಸಂಕಮ್ಮ ಒಪ್ಪುವುದಿಲ್ಲ. ಆತ ಅವಳನ್ನು ಗುಡಿಸಲಿನಲ್ಲಿ ಕಟ್ಟಿಹಾಕಿ ಹೊರಟುಹೋಗುತ್ತಾನೆ. ಅವಳ ಮೊರೆ ಕೇಳಿ ಬರುವವನು ಮಾದಪ್ಪ. ಕಟ್ಟು ಬಿಚ್ಚಿ, ಬಂಜೆಯೆಂಬ ಹೆಸರು ಕಳೆದು, ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳ ಭಾಗ್ಯವನ್ನು ಕೊಡುತ್ತಾನೆ. ಮಠದಲ್ಲಿ ರಾಗಿ ಬೀಸುವ ಕೆಲಸ ತನ್ನ ಪಾಲಿಗೆ ಬಂದಾಗ ಬೀಸಿದನೆಂದು ಹಾಡಿಸಿಕೊಳ್ಳುವ ದೇವರು ಇವನು. ಒಳಗಿರುವವರ ಕಷ್ಟ ಇವನಿಗೆ ತಿಳಿದಿದ್ದರೆ ಆಶ್ಚರ್ಯವಿಲ್ಲ. ಕಂಚಿನ ತಾಳದ ನಾದ ಸುತ್ತಣ ಕತ್ತಲೆಯಲ್ಲಿ ಕರಗುತ್ತಿತ್ತು. ನನ್ನ ಹೆಂಡತಿ ಗಲ್ಲಕ್ಕೆ ಕೈಹಚ್ಚಿ ಕೇಳುತ್ತಿದ್ದಳು.

ಮುಂಜಾನೆ ‘ಉಘೇ ಮಾದಪ್ಪ’ ಎಂಬ ಕೂಗಿನೊಡನೆ ಎಲ್ಲರೂ ಹೊರಟೆವು. ವ್ಯಾನನ್ನು ತಾಳಬೆಟ್ಟದಲ್ಲಿಯೇ ಬಿಟ್ಟೆವು. ಕುರುಚಲು ಕಾಡು, ಬಿದಿರು, ಎಲೆಯುದುರಿದ ಮರಗಳ ನಡುವಿನ ಏರು. ಎರಡು ಗಂಟೆಯೊಳಗೆ ನನ್ನ ಎಡಮೊಣಕಾಲು ಮಾತಾಡತೊಡಗಿತು. ಮೂರನೆಯ ಗಂಟೆಗೆ ಕೂಗತೊಡಗಿತು. ಡಾಂಬರು ರಸ್ತೆ ಸಿಕ್ಕಿದ ಕಡೆ ಕುಳಿತುಬಿಟ್ಟೆ. ನಾನು ಕುಳಿತರೆ ಆಕೆಯೂ ಕೂರುತ್ತಾಳೆಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಅದೇ ಮುದುಕಿ, “ನೀವು ಬಸ್ಸಲ್ಲಿ ಬನ್ನಿ ಸಾಮಿ, ಅವ್ವನ್ನ ನಾವು ಕರ್ಕೊಂಡು ಬತ್ತೀವಿ” ಎಂದಳು. ನಾನು ಹೆಂಡತಿಯ ಮುಖವನ್ನು ನೋಡಿದೆ. ಆಕೆ ನನ್ನ ಮೊಣಕಾಲನ್ನೂ ಏರುದಾರಿಯನ್ನೂ ಒಮ್ಮೆ ನೋಡಿ, “ನಾನು ನಡೆಯುತ್ತೇನೆ. ನೀವು ಜೋಪಾನ” ಎಂದಳು. ಬಸ್ಸಿಗೆ ಚಿಲ್ಲರೆ ಇದೆಯೇ ಎಂದು ವಿಚಾರಿಸಿ, ತಿರುವಿನಲ್ಲಿ ಮರೆಯಾದಳು.

ಹನ್ನೊಂದೂವರೆಗೆ ನಾನು ಬಸ್ಸಿನಿಂದ ಬೆಟ್ಟದ ಮೇಲಿಳಿದೆ. ಹುಲಿಯೇರಿದ ಮಹದೇಶ್ವರನ ೧೦೮ ಅಡಿಯ ಪ್ರತಿಮೆ ಅನಾವರಣಕ್ಕೆ ಸಿದ್ಧವಾಗುತ್ತಿತ್ತು. ಮರುತಿಂಗಳು ಅದರ ಅನಾವರಣವಾಯಿತು. ಸ್ವಲ್ಪ ಹೊತ್ತು ಅದನ್ನು ನೋಡಿದೆ. ಆಮೇಲೆ, ನಡೆದು ಬರುವವರ ದಾರಿ ಕಾಣುವ ಕಡೆ ಒಂದು ಕಲ್ಲುಬೆಂಚಿನ ಮೇಲೆ ಕುಳಿತೆ. ಆಕೆಯ ಫೋನು ನನ್ನ ಚೀಲದಲ್ಲಿಯೇ ಉಳಿದಿತ್ತು. ಒಂದು ಗಂಟೆಯಾಯಿತು. ಎರಡಾಯಿತು. ತಂಡ ತಂಡವಾಗಿ ಜನ ಬಂದರು, ನಮ್ಮವರಿಲ್ಲ. ಬಿಸಿಲಿಗೆ ತಲೆಸುತ್ತಿ ಬಿದ್ದಿರಬಹುದೆ? ಹೊಸ ಬೂಟು ಕಚ್ಚಿರಬಹುದೆ? ಆನೆ? ಊಟಕ್ಕೆ ಹೋಗೋಣವೆಂದರೆ, ಹೋದ ಹೊತ್ತಿನಲ್ಲಿಯೇ ಬಂದು ಹುಡುಕಿದರೆ? ಕುಳಿತಲ್ಲಿಂದ ಎದ್ದು, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಕುಳಿತೆ. ಕಾಯುವುದೆಂದರೆ ಏನೂ ಮಾಡದೆ ಇರುವುದೆಂದು ನಾನು ತಿಳಿದಿದ್ದೆ. ಅದೊಂದು ಕೆಲಸ, ಕೈಕಾಲು ಕಟ್ಟಿ ಮಾಡಿಸುವ ಕೆಲಸ. ಸಂಕಮ್ಮನನ್ನು ನೀಲೇಗೌಡ ಹಗ್ಗದಿಂದ ಕಟ್ಟಿದ್ದ. ನಾನು ಹಗ್ಗವಿಲ್ಲದೆಯೇ, “ಸ್ವಲ್ಪ ತಡೆ” ಎಂಬ ಮಾತಿನಿಂದ ಕಟ್ಟಿದ್ದೆ, ಮೂವತ್ತೊಂದು ವರ್ಷ. ಶನಿವಾರದ ರಾತ್ರಿಗಳೆಲ್ಲ ಒಂದೊಂದಾಗಿ ಆ ಕಲ್ಲುಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಬಂದು ಕುಳಿತವು.

ಮೂರೂವರೆಗೆ ತಿರುವಿನಲ್ಲಿ ಮೊದಲು ಕಾಣಿಸಿದ್ದು ಆ ಮುದುಕಿ. ಹಿಂದೆ ನನ್ನ ಹೆಂಡತಿ. ಹೆಗಲ ಮೇಲೆ ಯಾರದೋ ಮಗು, ಕೈಯಲ್ಲಿ ಯಾರದೋ ಗಂಟು. ಮುಖ ಕೆಂಡದಂತೆ ಕೆಂಪಾಗಿತ್ತು. ಅಷ್ಟು ಸಂತೋಷವನ್ನು ಆ ಮುಖದ ಮೇಲೆ ನಾನು ಕಂಡು ಬಹಳ ವರ್ಷವಾಗಿತ್ತು. ಹತ್ತಿರ ಬಂದು, ಮಗುವನ್ನು ಇಳಿಸಿ, “ಬಹಳ ಹೊತ್ತು ಕಾದಿರಾ?” ಎಂದು ಕೇಳಿದಳು.

“ಇಲ್ಲ, ಈಗ ತಾನೆ ಬಂದೆ” ಎಂದೆ.

ಆಕೆ ಒಂದು ಕ್ಷಣ ನನ್ನ ಮುಖವನ್ನು ನೋಡಿದಳು. ಏನೂ ಹೇಳದೆ ನನ್ನ ಚೀಲವನ್ನು ತೆಗೆದುಕೊಂಡು, “ಬನ್ನಿ, ದರ್ಶನಕ್ಕೆ ಸಾಲು ದೊಡ್ಡದಿದೆ” ಎಂದಳು.

ಪ್ರವಾಸದಿಂದ ಬಂದ ಮೇಲೆ ಆಕೆ ಎಂದಿನಂತೆ ಮನೆಖರ್ಚಿನ ಪುಸ್ತಕ ಬರೆಯಲು ಕುಳಿತಳು. ಡೀಸೆಲ್ಲಿಗೆ ಇಷ್ಟು, ಬೂಟಿಗೆ ಇಷ್ಟು, ಹುಂಡಿಗೆ ಇಷ್ಟು. ನಾನು ಒಲೆಯ ಮುಂದೆ, ರವೆ ಹುರಿಯುತ್ತ, ಭುಜದ ಮೇಲಿಂದ ಇಣಿಕಿ ನೋಡಿದೆ. ಪುಟದ ಕೊನೆಯಲ್ಲಿ ಎರಡು ಸಾಲುಗಳಿದ್ದವು. ‘೧೯೯೨ರ ಬಾಕಿ: ಸಂದಿತು.’ ಅದರ ಕೆಳಗೆ: ‘ಹೊಸ ಬಾಕಿ: ನಾಗಮಲೆ.’ ಮಾದಪ್ಪನ ಬೆಟ್ಟದಿಂದ ಇನ್ನೂ ಒಳಗೆ, ಕಾಲುನಡಿಗೆಯಲ್ಲಿಯೇ ಹೋಗಬೇಕಾದ ಜಾಗವದು. ಈಗ ಅಲ್ಲಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ನನ್ನ ಮೊಣಕಾಲಿನ ಅನುಮತಿಯೂ ಬೇಕು. ಅದು ದೊರೆಯದಿದ್ದರೆ ಕೆಳಗೆ ಕುಳಿತು ಕಾಯಲು ನಾನು ಸಿದ್ಧನಿದ್ದೇನೆ.